ದೊಡ್ಡರೋಗ, ಹಿರೇಬೇನೆ ಮತ್ತು ಎಂ.ಎಸ್. ಶೈಲಾ ಅವರ ಸಂಶೋಧನೆ

ಬೀದರ ಜಿಲ್ಲೆಯ ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳು ದೇವಣಿ ತಳಿಯ ಸೀಮೆಗೆ ಸೇರಿದವು. ನೆರೆಯ ಲಾತೂರ ಜಿಲ್ಲೆಯ ದೇವಣಿಯಿಂದ ಹೆಸರು ಪಡೆದ ಈ ದನಗಳು ಉಳುಮೆಗೂ ಹಾಲಿಗೂ ಒದಗುತ್ತವೆ. ಮಳೆಯನ್ನೇ ನಂಬಿದ ಈ ಭಾಗದ ಬೇಸಾಯಕ್ಕೆ ಹಿಂದೆ ಬರದಷ್ಟೇ ಭಯ ಹುಟ್ಟಿಸಿದ್ದು ದನಗಳ ದೊಡ್ಡರೋಗ. ಮರಾಠಿಯಲ್ಲಿ ಇದು ‘ಬುಳಕಾಂಡಿ’. ಎತ್ತು ಸತ್ತ ಮನೆಯಲ್ಲಿ ಬಿತ್ತನೆಯೇ ನಿಲ್ಲುತ್ತಿದ್ದುದರಿಂದ ರೋಗದ ಲೆಕ್ಕವನ್ನು ಸತ್ತ ದನಗಳ ಸಂಖ್ಯೆಗೆ ಸೀಮಿತಗೊಳಿಸಲಾಗದು.

ಈ ರೋಗದ ವಿರುದ್ಧದ ಹೋರಾಟದಲ್ಲಿ ಕನ್ನಡ ನಾಡಿನ ಪಾಲು ಹಳೆಯದು. 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಆರಂಭವಾಯಿತು. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಜಾರಿಗೆ ಬಂದಿತು. ಆದರೆ ರೋಗಾಣುವನ್ನು ಅಣುಮಟ್ಟದಲ್ಲಿ ಅರಿಯುವ ಕೆಲಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಬಗೆ ಸಾಕಷ್ಟು ಪ್ರಚಾರ ಪಡೆದಿಲ್ಲ. ಅಲ್ಲಿನ ಸೂಕ್ಷ್ಮಜೀವಿಶಾಸ್ತ್ರ ಮತ್ತು ಕೋಶಜೀವಶಾಸ್ತ್ರ ವಿಭಾಗದ ಪ್ರಾಧ್ಯಾಪಕಿ ಎಂ.ಎಸ್. ಶೈಲಾ ಅವರ ಸಂಶೋಧನಾ ಜೀವನದ ಬಹುಭಾಗ ದೊಡ್ಡರೋಗದ ವೈರಸ್ಸಿಗೂ ಅದರ ಸಮೀಪದ ಬಂಧುವಿಗೂ ಮೀಸಲಾಗಿತ್ತು.

ಆ ಬಂಧುವೇ ಕುರಿ-ಮೇಕೆಗಳ ಪಿಪಿಆರ್, ಉತ್ತರ ಕರ್ನಾಟಕದ ಕುರಿಗಾರರ ಮಾತಿನಲ್ಲಿ ಹಿರೇಬೇನೆ. 1942ರಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ ಮೊದಲು ವರ್ಣಿತವಾದ ಈ ರೋಗವು ಭಾರತದಲ್ಲಿ ಇರಲಿಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು. ಜ್ವರ, ಬಾಯಿಹುಣ್ಣು, ಭೇದಿ ಕಂಡ ಕುರಿಗಳಿಗೆಲ್ಲ ದೊಡ್ಡರೋಗವೆಂಬ ಹಣೆಪಟ್ಟಿ ಬೀಳುತ್ತಿತ್ತು. ತಮಿಳುನಾಡಿನ ಅರಸೂರಿನಲ್ಲಿ 1987ರಲ್ಲಿ ಕುರಿಗಳಿಗೆ ಬಂದ ರೋಗವು ಪಿಪಿಆರ್ ಎಂಬುದನ್ನು ಶೈಲಾ ಮತ್ತು ಸಹೋದ್ಯೋಗಿಗಳು 1989ರಲ್ಲಿ ಪ್ರಕಟಿಸಿದರು. ಇದು ದೇಶದ ಮೊದಲ ವರದಿ. ಇದರ ಮಹತ್ವ ಹೆಸರು ಬದಲಾವಣೆಯಲ್ಲಿಲ್ಲ. ದೊಡ್ಡರೋಗ ಅಳಿದಿದೆಯೆಂದು ಸಾಧಿಸಬೇಕಾದ ದೇಶದಲ್ಲಿ, ಬೇರೊಂದು ರೋಗ ಅದರ ವೇಷದಲ್ಲಿ ಉಳಿದಿದ್ದರೆ ನಿರ್ಮೂಲನದ ಲೆಕ್ಕವೇ ತಪ್ಪುತ್ತಿತ್ತು. 1996ರಲ್ಲಿ ಅವರು ವಿದೇಶೀ ಸಂಶೋಧಕರೊಡನೆ ಈ ವೈರಸ್ಸಿನ ಭೌಗೋಳಿಕ ಹರಡುವಿಕೆಯನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು.

ಲಸಿಕೆಯ ಪ್ರಶ್ನೆ ಇನ್ನೂ ಜಟಿಲವಾದುದು. ವಾಲ್ಟರ್ ಪ್ಲೌರೈಟ್ ಕೀನ್ಯಾದಲ್ಲಿ ರೂಪಿಸಿದ್ದ ಕೋಶಕೃಷಿ ಲಸಿಕೆ ಸಮರ್ಥವಾಗಿತ್ತು. ಆದರೆ ಅದಕ್ಕೆ ಶೀತಲ ಸಾಗಣೆ ಬೇಕಿತ್ತು. ಔರಾದದಂಥ ಗಡಿ ತಾಲ್ಲೂಕಿನ ಬೇಸಿಗೆಯನ್ನು ಬಲ್ಲವರಿಗೆ ಅದರ ಕಷ್ಟ ವಿವರಿಸಬೇಕಿಲ್ಲ. ಇನ್ನೊಂದು ತೊಡಕೂ ಇತ್ತು: ಇಡೀ ವೈರಸ್ಸಿನ ಲಸಿಕೆ ಪಡೆದ ದನವನ್ನು ಸೋಂಕು ತಗಲಿದ ದನದಿಂದ ರಕ್ತಪರೀಕ್ಷೆಯಲ್ಲಿ ಬೇರ್ಪಡಿಸಲಾಗದು. ವೈರಸ್ಸಿನ ಹೊರಮೈಯ ಒಂದೇ ಪ್ರೋಟೀನನ್ನು, ಅಂದರೆ ಹಿಮಾಗ್ಲುಟಿನಿನ್ ಅನ್ನು, ಲಸಿಕೆಯಾಗಿಸಿದರೆ ಈ ತೊಡಕು ತಪ್ಪುತ್ತದೆ. ಶೈಲಾ ತಂಡವು ಕೀಟಗಳ ಬ್ಯಾಕ್ಯುಲೋವೈರಸ್ಸಿನ ಮೂಲಕ ಆ ಪ್ರೋಟೀನನ್ನು ತಯಾರಿಸಿ, ಅದರ ರಕ್ಷಣಾಗುಣವನ್ನು 1997ರಲ್ಲಿ ವರದಿ ಮಾಡಿತು. ಜಿ. ಲಕ್ಷ್ಮೀ ಸೀತಾ ಮುಂತಾದವರೊಡನೆ ಅದೇ ಪ್ರೋಟೀನನ್ನು ಶೇಂಗಾ ಗಿಡದಲ್ಲಿ ಬೆಳೆಸಿ ದನಗಳಿಗೆ ತಿನ್ನಿಸಿದಾಗ ನಿರ್ದಿಷ್ಟ ಪ್ರತಿರಕ್ಷೆ ಉಂಟಾದುದು 2003ರಲ್ಲಿ ಪ್ರಕಟವಾಯಿತು. ಅದೇ ವರ್ಷ ತೊಗರಿಯಲ್ಲಿಯೂ ಅದನ್ನು ಅಭಿವ್ಯಕ್ತಿಗೊಳಿಸಿದ ವರದಿ ಬಂದಿತು. ತೊಗರಿಯ ನಾಡಾದ ಬೀದರ-ಕಲಬುರಗಿಗಳ ಓದುಗರಿಗೆ ಈ ಆಯ್ಕೆ ವಿಶೇಷವಾಗಿ ತೋರಬಹುದು. ಮೇವೇ ಲಸಿಕೆಯಾಗುವ ಈ ಕಲ್ಪನೆ ಮಾತ್ರ ರೈತರ ಕೊಟ್ಟಿಗೆಯವರೆಗೆ ಬರಲಿಲ್ಲ. ಅಷ್ಟರಲ್ಲಿ ರೋಗವೇ ಕಣ್ಮರೆಯಾಗಿತ್ತು.

ದೊಡ್ಡರೋಗದಿಂದ ಚೇತರಿಸಿಕೊಂಡ ದನಕ್ಕೆ ಅದು ಮತ್ತೆ ಬರುವುದಿಲ್ಲ. ವೈರಸ್ಸು ದೇಹದಲ್ಲಿ ಉಳಿಯದಿದ್ದರೂ ಈ ನೆನಪು ಉಳಿಯುವುದೆಂತು? 2001ರಲ್ಲಿ ರವೀಂದ್ರನಾಥ ನಾಯಕ್, ಶಂಪಾ ಮಿತ್ರ-ಕೌಶಿಕ್ ಮತ್ತು ಶೈಲಾ ಮಂಡಿಸಿದ ‘ರಿಲೇ’ ಪ್ರಮೇಯ ಇದಕ್ಕೊಂದು ಉತ್ತರ. ಪ್ರತಿಕಾಯದ ವಿರುದ್ಧ ಹುಟ್ಟುವ ಇನ್ನೊಂದು ಪ್ರತಿಕಾಯವು ಮೂಲ ರೋಗಾಣುವಿನ ಆಕಾರವನ್ನೇ ಹೋಲುತ್ತದೆ. ಹೀಗೆ ಒಂದು ಕೋಶಗುಂಪು ಮತ್ತೊಂದನ್ನು ಎಚ್ಚರಿಸುತ್ತ ನೆನಪನ್ನು ಕೈಯಿಂದ ಕೈಗೆ ದಾಟಿಸುತ್ತದೆ ಎಂಬುದು ಅದರ ಸಾರ. ಇದು ಪ್ರಮೇಯವೇ ಹೊರತು ಸಿದ್ಧಾಂತವಾಗಿ ಸ್ಥಾಪಿತವಾದುದಲ್ಲ. ಆದರೂ ಪ್ರಾಣಿರೋಗದ ಅಧ್ಯಯನವು ರೋಗಪ್ರತಿರಕ್ಷಾಶಾಸ್ತ್ರದ ಮೂಲಪ್ರಶ್ನೆಯನ್ನೇ ಮುಟ್ಟಿದ್ದಕ್ಕೆ ಇದು ಉತ್ತಮ ನಿದರ್ಶನ.

ಭಾರತದಲ್ಲಿ ದೊಡ್ಡರೋಗ ಕೊನೆಯದಾಗಿ ಕಂಡುದು 1995ರಲ್ಲಿ. 2006ರಲ್ಲಿ ದೇಶ ರೋಗಮುಕ್ತವೆಂದು ಮಾನ್ಯತೆ ಪಡೆಯಿತು, 2011ರಲ್ಲಿ ಜಗತ್ತೇ ಮುಕ್ತವಾಯಿತು. 2004ರ ಅಧಿನಿಯಮದಂತೆ ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಹೊತ್ತಿಗೆ ಈ ಜಿಲ್ಲೆಯ ಹಳೆಯ ಶತ್ರು ಪಠ್ಯಪುಸ್ತಕಕ್ಕೆ ಸೇರತೊಡಗಿತ್ತು. ಹಿರೇಬೇನೆ ಹಾಗಲ್ಲ. ಅದನ್ನು 2030ರೊಳಗೆ ಅಳಿಸುವ ಗುರಿಯನ್ನು 2015ರಲ್ಲಿ ಅಬಿಜಾನ್‌ನಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಒಪ್ಪಿದವು. ಭಾರತದಲ್ಲಿ ಅದಕ್ಕಾಗಿ ಸಿದ್ಧಪಡಿಸಿದ ಲಸಿಕಾತಳಿಗಳಲ್ಲಿ ಒಂದರ ಹೆಸರು ‘ಅರಸೂರ್/87’.