ಕೈಗುಣ ನೋಡುವ ಕಾಲದಿಂದ ಬೋರ್ಡು ನೋಡುವ ಕಾಲಕ್ಕೆ

ನಮ್ಮ ಕಡೆ ಯಾರಿಗಾದರೂ ಜ್ವರ ಬಂದರೆ ಈಗಲೂ ಕೇಳುವ ಮೊದಲ ಮಾತು, ‘ಸೂಜಿ ಮಾಡಿಸಿದ್ಯೇನು?’ ಬರೀ ಗುಳಿಗಿ ಕೊಟ್ಟು ಕಳಿಸಿದ ಡಾಕ್ಟರು ನಮ್ಮ ಲೆಕ್ಕದಲ್ಲಿ ಡಾಕ್ಟರೇ ಅಲ್ಲ.

ನಾನು ಸಣ್ಣವನಿದ್ದಾಗ ಊರಿನ ದವಾಖಾನಿ ಎಂದರೆ ಒಂದು ಪಡಸಾಲಿ, ಒಂದು ಬೆಂಚು, ಒಂದು ಸ್ಟೋವ್. ಸ್ಟೋವಿನ ಮೇಲೆ ಡಬ್ಬಿಯಲ್ಲಿ ಗಾಜಿನ ಸಿರಿಂಜು ಕುದಿಯುತ್ತಿತ್ತು. ಸಂತೆಯ ದಿನ ಮಂದಿ ಹೆಚ್ಚಾದರೆ ಕುದಿಸುವುದು ಕಡಿಮೆಯಾಗುತ್ತಿತ್ತು. ಒಮ್ಮೆ ನಮ್ಮಜ್ಜಿಗೆ ಸೂಜಿ ಮಾಡಿದ ಜಾಗ ಕೀವಾಗಿ ತಿಂಗಳುಗಟ್ಟಲೆ ನರಳಿದಳು. ಮುಂದೆ ದೊಡ್ಡವನಾದ ಮೇಲೆ ಕೇಳಿದೆ, ‘ಅವರು ಏನು ಓದ್ಯಾರಂತ ಕೇಳಲಿಲ್ಲೇನ ಅಜ್ಜಿ?’

‘ಕೇಳಾಕ ನಾವ್ಯಾರಪಾ? ಅವರ ಕೈಗುಣ ಚಲೋ ಇತ್ತು’ ಅಂದಳು.

ಹಾಗಾದರೆ ಕೇಳಬೇಕಾದವರು ಯಾರು? ಈ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

ಮೊದಲು ನೋಡಿದ್ದು ಕಾಗದ

ನಮ್ಮ ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿಗೆ ಸೇರಿತ್ತು. ಮುಂಬಯಿ ಪ್ರಾಂತದಲ್ಲಿ 1912ರಲ್ಲೇ ವೈದ್ಯರ ನೋಂದಣಿಗೆ ಕಾಯ್ದೆ ಬಂತು. ಇಂಥ ಕಾಯ್ದೆ ದೇಶದಲ್ಲಿ ಅದೇ ಮೊದಲು. 1938ರಲ್ಲಿ ವೈದ್ಯರು, ಹಕೀಮರಿಗೂ ಅಲ್ಲಿ ನೋಂದಣಿಯ ಕಾಯ್ದೆ ಆಯಿತು. ಏಕೀಕರಣದ ಬಳಿಕ ನಮ್ಮ ರಾಜ್ಯ 1961ರಲ್ಲಿ ಅಲೋಪತಿಗೆ ಒಂದು, ಆಯುರ್ವೇದ, ಯುನಾನಿ ಮೊದಲಾದವಕ್ಕೆ ಇನ್ನೊಂದು ಕಾಯ್ದೆ ಮಾಡಿತು.

ಇವೆಲ್ಲ ನೋಡಿದ್ದು ವ್ಯಕ್ತಿಯ ಸರ್ಟಿಫಿಕೇಟನ್ನು. ಅವರ ದವಾಖಾನಿಯಲ್ಲಿ ಸಿರಿಂಜು ಕುದಿಯಿತೋ ಇಲ್ಲವೋ ಎಂಬುದು ಆ ಕಾಗದದಲ್ಲಿ ಕಾಣುತ್ತಿರಲಿಲ್ಲ.

ಆಮೇಲೆ ಹಾಸಿಗೆ

1976ರಲ್ಲಿ ಕರ್ನಾಟಕದಲ್ಲಿ ಖಾಸಗಿ ನರ್ಸಿಂಗ್ ಹೋಮ್‌ಗಳ ನಿಯಂತ್ರಣ ಕಾಯ್ದೆ ಬಂತು. ಕಾನೂನು ಡಾಕ್ಟರನ್ನು ಬಿಟ್ಟು ಕಟ್ಟಡದ ಕಡೆ ತಿರುಗಿತು. ಆದರೆ ಅದು ರೋಗಿಗಳನ್ನು ಮಲಗಿಸಿ ಉಪಚರಿಸುವ ಜಾಗಗಳಿಗೆ. ಹುಬ್ಬಳ್ಳಿಯ ನರ್ಸಿಂಗ್ ಹೋಮ್ ಅದರ ಲೆಕ್ಕಕ್ಕೆ ಸಿಕ್ಕಿತು, ನವಲಗುಂದ, ಕಲಘಟಗಿ ಹಳ್ಳಿಗಳ ಒಂದು ಬೆಂಚಿನ ದವಾಖಾನಿ ಸಿಗಲಿಲ್ಲ. ನಾವು ಹೆಚ್ಚು ಹೋಗುತ್ತಿದ್ದದ್ದು ಆ ಬೆಂಚಿಗೇ.

ಕೊನೆಗೆ ಆ ಕೋಣೆ

2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ, ಹಳೆಯ ಕಾಯ್ದೆಯನ್ನು ತೆಗೆದುಹಾಕಿತು. ಹಾಸಿಗೆ ಇರಲಿ ಬಿಡಲಿ, ಕ್ಲಿನಿಕ್, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್ ಎಲ್ಲವೂ ನೋಂದಣಿ ಆಗಬೇಕು ಎಂದಿತು. ಜಾಗ, ಸಿಬ್ಬಂದಿ, ಸ್ವಚ್ಛತೆ ನೋಡಲು ತಪಾಸಣೆಯ ವ್ಯವಸ್ಥೆ ಬಂತು.

ಸೂಜಿಗೆ ಬೇರೆ ನಿಯಮವೇ ಇದೆ. 1998ರಲ್ಲಿ ಬಂದ ವೈದ್ಯಕೀಯ ತ್ಯಾಜ್ಯದ ನಿಯಮಗಳು 2016ರಲ್ಲಿ ಹೊಸದಾದವು. ಬಳಸಿದ ಸೂಜಿ ಚುಚ್ಚಿ ಹೊರಬರದಂಥ ಬಿಳಿ ಡಬ್ಬಿಗೆ ಹೋಗಬೇಕು. ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ. ದವಾಖಾನಿ ಹಿಂದಿನ ತಿಪ್ಪಿಗೆ ಎಸೆಯುವ ಹಾಗಿಲ್ಲ.

2017ರ ನವೆಂಬರ್

ಕೆಪಿಎಂಇ ಕಾಯ್ದೆಯನ್ನು ಬಿಗಿ ಮಾಡಲು ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ಡಾಕ್ಟರುಗಳು ಬೀದಿಗಿಳಿದರು. ಬೆಳಗಾವಿ ಅಧಿವೇಶನದ ಹೊತ್ತಿಗೆ ದವಾಖಾನಿಗಳ ಬಾಗಿಲು ಮುಚ್ಚಿದವು, ರೋಗಿಗಳು ಪರದಾಡಿದರು. ಸರ್ಕಾರಿ ಆಸ್ಪತ್ರೆಗಳನ್ನೂ ಈ ಕಾಯ್ದೆಗೆ ತನ್ನಿ ಎಂಬುದು ಡಾಕ್ಟರುಗಳ ಒಂದು ಬೇಡಿಕೆಯಾಗಿತ್ತು. ಅದು ಈಡೇರಲಿಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಕಾಯಕಲ್ಪದಂಥ ಯೋಜನೆಗಳಲ್ಲಿ ಅಂಕ ಕೊಟ್ಟು ನೋಡುವ ಪದ್ಧತಿ ಬೇರೆ ಇದೆ. ಆದರೆ ಅವರು ಕೇಳಿದ್ದು ತಪ್ಪೆಂದು ನನಗನಿಸುವುದಿಲ್ಲ. ಸೂಜಿಗೆ ಸರ್ಕಾರಿ, ಖಾಸಗಿ ಎಂಬ ಭೇದ ಇಲ್ಲ.

ಕೊನೆಗೆ ಕಾಯ್ದೆ ಸ್ವಲ್ಪ ಮೆತ್ತಗಾಗಿ ಪಾಸಾಯಿತು. ಆದರೂ ನಮಗೆ ಬೇಕಾದದ್ದು ಅದರಲ್ಲಿ ಉಳಿಯಿತು. ರೋಗಿಗಳ ಹಕ್ಕುಗಳ ಪಟ್ಟಿ ಸೇರಿತು. ಬಿಲ್ ಬಾಕಿ ಇದೆ ಎಂದು ಶವ ಕೊಡದೆ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. ದೂರು ಕೇಳಲು ಜಿಲ್ಲಾಧಿಕಾರಿ ಮುಂದಾಳತ್ವದ ಪ್ರಾಧಿಕಾರ ಬಂತು.

ಈಗ ಬೋರ್ಡು

2024ರಲ್ಲಿ ಆರೋಗ್ಯ ಇಲಾಖೆ ಇನ್ನೊಂದು ಆದೇಶ ಹೊರಡಿಸಿತು. ದವಾಖಾನಿ ಮುಂದಿನ ಬೋರ್ಡಿನಲ್ಲಿ ಕೆಪಿಎಂಇ ನೋಂದಣಿ ಸಂಖ್ಯೆ, ಸಂಸ್ಥೆಯ ಹೆಸರು, ಮಾಲೀಕರ ಹೆಸರು ಇರಬೇಕು. ಅಲೋಪತಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು. ಓದಲು ಬಾರದವರೂ ಬಣ್ಣ ನೋಡಿ ತಿಳಿಯಬಹುದು.

ನೋಡಿ, ಕಾಗದ ಆಫೀಸಿನಲ್ಲಿತ್ತು. ಹಾಸಿಗೆ ಹುಬ್ಬಳ್ಳಿಯಲ್ಲಿತ್ತು. ಬೋರ್ಡು ನಮ್ಮ ಓಣಿಗೇ ಬಂದಿದೆ. ತಪಾಸಣೆಯ ಒಂದು ತುದಿ ಈಗ ನಮ್ಮ ಕೈಯಲ್ಲೂ ಇದೆ.

ಇದರಲ್ಲಿ ಒಂದು ತೊಡಕೂ ಇದೆ. ಅಧಿಕಾರಿಗಳು ಬಂದು ದವಾಖಾನಿಗೆ ಬೀಗ ಹಾಕಿ ಹೋದರೆ, ಆ ರಾತ್ರಿ ಕೂಸಿಗೆ ಜ್ವರ ಬಂದ ತಾಯಿ ಎಲ್ಲಿಗೆ ಹೋಗಬೇಕು? ಕೊನೆಯ ಬಸ್ಸು ಹೋದ ಮೇಲೆ ಹುಬ್ಬಳ್ಳಿ ಬಹಳ ದೂರ. ಓದಿದ ಡಾಕ್ಟರು ಇಲ್ಲದ ಊರಲ್ಲಿ ಬೀಗ ಹಾಕುವುದು ಅರ್ಧ ಕೆಲಸ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾಕ್ಟರು ಕೊಡುವುದು ಉಳಿದರ್ಧ. ಗ್ರಾಮಸಭೆಯಲ್ಲಿ ಎರಡನ್ನೂ ಒಟ್ಟಿಗೆ ಕೇಳಬೇಕು.

ಅಲ್ಲಿಯವರೆಗೆ, ಮುಂದಿನ ಸಲ ದವಾಖಾನಿಗೆ ಹೋದಾಗ ಮೂರು ನೋಡಿ: ಬೋರ್ಡಿನ ಮೇಲೆ ನೋಂದಣಿ ಸಂಖ್ಯೆ, ನಿಮ್ಮ ಕಣ್ಣೆದುರೇ ಒಡೆದ ಹೊಸ ಸಿರಿಂಜು, ಬಳಸಿದ ಸೂಜಿ ಬೀಳುವ ಬಿಳಿ ಡಬ್ಬಿ. ಇಲ್ಲದಿದ್ದರೆ ಕೇಳಿ. ಅಲ್ಲೇ ಕೇಳಲು ಸಂಕೋಚವಾದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಬರೆದು ಕೊಡಿ.

‘ಕೇಳಾಕ ನಾವ್ಯಾರಪಾ’ ಅಂದಿದ್ದಳು ಅಜ್ಜಿ. ಸೂಜಿ ಮಾಡಿಸಿಕೊಳ್ಳುವವರು ನಾವು. ನಾವೇ ಕೇಳಬೇಕು.