ಹತ್ತು ಅಡಿ ದೂರದ ಪುಣೆ

ಹಳೆಯ ಪುಣೆಯನ್ನು ಫೋಟೊಗಳಲ್ಲಿ ನೋಡಬೇಕೆಂದು ಹೊರಟವರಿಗೆ ಶನಿವಾರವಾಡೆ ಸಿಗುತ್ತದೆ, ಪರ್ವತಿ ಗುಡ್ಡ ಸಿಗುತ್ತದೆ, ಬಂಡ್ ಗಾರ್ಡನ್ ಸಿಗುತ್ತದೆ. ಆದರೆ ಸದಾಶಿವ ಪೇಠೆಯ ಒಂದು ವಾಡೆಯಲ್ಲಿ ನೀರಿನ ನಲ್ಲಿ ಎಲ್ಲಿತ್ತು, ಬಾಡಿಗೆಗಿದ್ದವರು ಬಟ್ಟೆ ಎಲ್ಲಿ ಒಣಹಾಕುತ್ತಿದ್ದರು, ಸೈಕಲ್ಲನ್ನು ಯಾವ ಗೋಡೆಗೆ ಒರಗಿಸುತ್ತಿದ್ದರು ಎಂದು ಕೇಳಿದರೆ ಪುಸ್ತಕಗಳು ಸುಮ್ಮನಾಗುತ್ತವೆ. ಅದಕ್ಕೆ ಉತ್ತರ ಇರುವುದು ಯಾರದೋ ಮನೆಯ ಟ್ರಂಕಿನಲ್ಲಿ, ಇಲಿ ಕಚ್ಚಿದಂತೆ ಅಂಚು ಕತ್ತರಿಸಿದ ಚೌಕಾಕಾರದ ಕಪ್ಪು-ಬಿಳುಪು ಫೋಟೊಗಳಲ್ಲಿ. ತೆಗೆದವರು ಫೋಟೊಗ್ರಾಫರರಲ್ಲ. ಖಡಕಿಯ ಮದ್ದುಗುಂಡು ಕಾರ್ಖಾನೆಗೋ ಪಿಂಪ್ರಿಯ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ಗೋ ಬ್ಯಾಂಕಿಗೋ ದಿನಾ ಹೋಗಿಬರುತ್ತಿದ್ದವರು. ಧಾರವಾಡ, ಬಿಜಾಪುರ, ಉಡುಪಿ ಕಡೆಯಿಂದ ಹೊಟ್ಟೆಪಾಡಿಗೆ ಇಲ್ಲಿಗೆ ಬಂದ ನಮ್ಮವರೂ ಅವರಲ್ಲಿದ್ದರು.

'ಹವ್ಯಾಸಿ' ಎಂಬ ಮಾತು ಈ ಸೀಮೆಯ ಛಾಯಾಗ್ರಹಣಕ್ಕೆ ಹೊಸದಲ್ಲ. ಮುಂಬಯಿಯಲ್ಲಿ 1854ರಲ್ಲೇ ಫೋಟೊಗ್ರಾಫಿಕ್ ಸೊಸೈಟಿ ಹುಟ್ಟಿತ್ತು. 1856ರಿಂದ 1858ರವರೆಗೆ ವಿಲಿಯಂ ಜಾನ್ಸನ್ ಮತ್ತು ವಿಲಿಯಂ ಹೆಂಡರ್ಸನ್ ಅಲ್ಲಿಂದ 'ದಿ ಇಂಡಿಯನ್ ಅಮೆಚೂರ್ಸ್ ಫೋಟೊಗ್ರಾಫಿಕ್ ಆಲ್ಬಂ' ಎಂಬ ಮಾಸಿಕ ತಂದರು. ಹಾಳೆಗೆ ಅಂಟಿಸಿದ ನಿಜವಾದ ಫೋಟೊಗಳೇ ಅದರ ವಸ್ತು. ಪಶ್ಚಿಮ ಭಾರತದ ಜಾತಿ, ಕಸುಬು, ಉಡುಗೆಗಳು ಅದರಲ್ಲಿವೆ. ಕೂತವರ ಹೆಸರು ಬೇಕಿರಲಿಲ್ಲ, 'ಮಾದರಿ' ಸಾಕಿತ್ತು. ಅದೇ 1856ರಲ್ಲಿ ನಮ್ಮ ಹಂಪಿಯಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ವಿಜಯನಗರದ ಅವಶೇಷಗಳನ್ನು ಹಿಡಿದ. ಅದ್ಭುತ ಚಿತ್ರಗಳು. ಆದರೆ ಅಂಥ ಕಾಗದಕ್ಕೆ ಬೆಳಕು ಬಹಳ ಹೊತ್ತು ತಾಗಬೇಕು. ನಡೆದಾಡುವವರು ಅದರ ಮೇಲೆ ಮೂಡುವುದೇ ಇಲ್ಲ. ಕಲ್ಲು ನಿಂತಿತು, ಜನ ಕರಗಿದರು.

ಅಂದರೆ ಆ ಕಾಲದ ಹವ್ಯಾಸಿ ಪುರುಸೊತ್ತೂ ಹಣವೂ ಇದ್ದ ಸಾಹೇಬ; ಅವನ ಕ್ಯಾಮೆರಾ ನೋಡುತ್ತಿದ್ದುದು ಪರರನ್ನು. ತನ್ನ ಮನೆಯನ್ನೇ ತಾನು ತೆಗೆದುಕೊಳ್ಳುವ ಹವ್ಯಾಸಿ ಬರಲು ಯಂತ್ರ ಅಗ್ಗವಾಗಬೇಕಿತ್ತು. ಅಮೆರಿಕದಲ್ಲಿ ಅದಾದದ್ದು 1900ರಲ್ಲಿ, ಕೊಡಕ್ ಕಂಪನಿಯ ಒಂದು ಡಾಲರಿನ ಬ್ರೌನಿಯಿಂದ. ನಮ್ಮ ಮಧ್ಯಮ ವರ್ಗಕ್ಕೆ ಆ ಗಳಿಗೆ ಬಂದದ್ದು 1960ರ ದಶಕದಲ್ಲಿ. ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿ ಕ್ಯಾಮೆರಾ ಆಮದು ಬಿಗಿಯಾಗಿದ್ದಾಗ ಬರೋಡಾದಲ್ಲಿ ತಯಾರಾದ ಅಗ್ಫಾ ಕ್ಲಿಕ್ ತ್ರೀ ಮನೆಮನೆಗೆ ಬಂತು. 1967ರಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಉತ್ಪಾದನೆ ಶುರುಮಾಡಿತು. ಅದರ ಫಿಲ್ಮಿನ ಹೆಸರು 'ಇಂದು'. ಇಟ್ಟವರ ಮನಸ್ಸಿನಲ್ಲಿ ಏನಿತ್ತೋ, ಕನ್ನಡಿಗರಿಗೆ ಅದು ಚಂದ್ರನೂ ಹೌದು, ಈ ದಿನವೂ ಹೌದು.

ಕ್ಲಿಕ್ ತ್ರೀಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಆ ಆಲ್ಬಂಗಳಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಅರ್ಧಕ್ಕರ್ಧ ತೀರ್ಮಾನಿಸಿದ್ದು ಈ ಪೆಟ್ಟಿಗೆ. ಒಂದು ರೋಲಿಗೆ ಹನ್ನೆರಡು ಚಿತ್ರ. ಸಾಮಾನ್ಯ ಮಸೂರ, ಒಂದೇ ವೇಗದ ಶಟರ್. ಬಿಸಿಲೋ ಮೋಡವೋ ಎಂದು ತಿರುಗಿಸುವುದಷ್ಟೇ ತೆಗೆಯುವವನ ಕೈಯಲ್ಲಿ. ಫೋಕಸ್ ಬದಲಿಸುವಂತಿಲ್ಲ, ಮುಖ ಸ್ಪಷ್ಟವಾಗಬೇಕಾದರೆ ಸುಮಾರು ಹತ್ತು ಅಡಿ ದೂರ ನಿಲ್ಲಬೇಕು. ಫ್ಲ್ಯಾಶ್ ಸಿಕ್ಕಿಸಬಹುದಿತ್ತು, ಆದರೆ ಒಮ್ಮೆ ಉರಿದರೆ ಮುಗಿದುಹೋಗುವ ಬಲ್ಬಿಗೆ ಯಾರು ದುಡ್ಡು ಹಾಕುತ್ತಾರೆ?

ಹೀಗಾಗಿ ಎಲ್ಲರನ್ನೂ ಅಂಗಳಕ್ಕೆ ಕರೆತಂದರು. ಹತ್ತು ಅಡಿ ದೂರದಿಂದ ಮಗುವೊಂದನ್ನೇ ತೆಗೆಯಲು ಬರುವುದಿಲ್ಲ. ನಾಮಕರಣದ ಮಗುವಿನ ಜೊತೆಗೆ ವಾಡೆಯ ಮರದ ಕಂಬ, ತುಳಸಿಕಟ್ಟೆ, ಹಿತ್ತಾಳೆಯ ಹಂಡೆ, ಮಾಳಿಗೆಯಿಂದ ಇಣುಕುವ ಪಕ್ಕದ ಮನೆಯಾಕೆ, ಸಾಲಾಗಿ ನಿಂತ ಸೈಕಲ್ಲುಗಳು, ಇವೆಲ್ಲ ಕರೆಯದೇ ಒಳಗೆ ಬಂದವು. ತೆಗೆದವನ ಮಟ್ಟಿಗೆ ಅವು ಅಡ್ಡಿ. ನನಗಂತೂ ಈಗ ಮಗುವಿಗಿಂತ ಹಂಡೆಯೇ ಹೆಚ್ಚು ಮುಖ್ಯ ಎನಿಸುತ್ತದೆ. ಎಲ್ಲ ಕೂಸುಗಳೂ ಒಂದೇ ಥರ ಇರುತ್ತವೆ, ಹಂಡೆ ಇಟ್ಟ ಮೂಲೆ ಮತ್ತೆ ಸಿಗುವುದಿಲ್ಲ.

ಸೂರ್ಯ ಬೆನ್ನಿಗಿರಬೇಕು ಎಂಬ ನಿಯಮ ಬೇರೆ. ಬೆಳಿಗ್ಗೆಯೋ ಸಂಜೆಯೋ ತೆಗೆದರೆ ತೆಗೆದವನ ನೆರಳು ಉದ್ದವಾಗಿ ಚೌಕಟ್ಟಿನೊಳಗೆ ಬೀಳುತ್ತದೆ: ಬಾಗಿದ ತಲೆ, ಎದೆಯ ಹತ್ತಿರ ಮಡಚಿದ ಮೊಣಕೈ. ಕ್ಯಾಮೆರಾ ಇದ್ದ ಅಪ್ಪಂದಿರು ಎಷ್ಟೋ ಆಲ್ಬಂಗಳಲ್ಲಿ ಇರುವುದು ಹೀಗೆ, ನೆಲದ ಮೇಲೆ.

ಇನ್ನು ಇಲ್ಲದಿರುವುದು. ಅಡುಗೆಮನೆ ಇಲ್ಲ. ಕತ್ತಲೆಯ ಒಳಕೋಣೆ, ಸೀಮೆಎಣ್ಣೆ ಸ್ಟೋವ್, ಬೆಳಿಗ್ಗೆ ನಲ್ಲಿಯ ಸರದಿ, ರಾತ್ರಿ ಪಾಳಿ ಮುಗಿಸಿ ಮಲಗಿದವರು ಇಲ್ಲ. ಹೆಂಗಸರಿದ್ದಾರೆ, ಆದರೆ ಹೊಸ ಸೀರೆಯುಟ್ಟು, ಕೈಯಲ್ಲಿ ಕೆಲಸವಿಲ್ಲದೆ. ಹನ್ನೆರಡೇ ಚಿತ್ರವಿದ್ದಾಗ ಒಂದನ್ನು ರೊಟ್ಟಿ ಬಡಿಯುವವಳಿಗೆ ಖರ್ಚು ಮಾಡುವುದು ದುಂದುಗಾರಿಕೆ ಅನಿಸುತ್ತಿತ್ತು. ಒಂದು ರೋಲು ಗಣೇಶ ಚೌತಿಯಿಂದ ಸಂಕ್ರಾಂತಿಯವರೆಗೂ ಕ್ಯಾಮೆರಾದಲ್ಲೇ ಕೂತಿರುತ್ತಿತ್ತು: ಎರಡು ವಿಸರ್ಜನೆಯ ಮೆರವಣಿಗೆ, ಮೂರು ಸಿಂಹಗಡ, ಉಳಿದವು ಊರಿಂದ ಯಾರಾದರೂ ಬಂದರೆ. 'ಮುಗಿಸಿಬಿಡೋಣ' ಎಂದು ತೆಗೆದ ಹನ್ನೆರಡನೆಯದು ಎಷ್ಟೋ ಸಲ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ: ಖಾಲಿ ಓಣಿ, ಬಾಗಿಲಲ್ಲಿ ಚಪ್ಪಲಿ, ಅರ್ಧ ತಿರುಗಿದ ಅಜ್ಜಿ.

ವಲಸೆ ಬಂದವರ ಫೋಟೊಕ್ಕೆ ಇನ್ನೊಂದು ಕೆಲಸವಿತ್ತು. ಅದು ಊರಿಗೆ ಹೋಗಬೇಕು. ಇನ್‌ಲ್ಯಾಂಡ್ ಪತ್ರದೊಳಗೆ ಏನನ್ನೂ ಇಡುವಂತಿರಲಿಲ್ಲ. ಫೋಟೊ ಇದ್ದರೆ ಲಕೋಟೆಯೇ ಬೇಕು. ಹಿಂಬದಿಯಲ್ಲಿ ಹೆಸರು, ತಿಂಗಳು, 'ನಮ್ಮ ಹೊಸ ಮನೆ' ಎಂಬಂಥ ಒಂದು ಸಾಲು. ಆ ಸಾಲು ಎಷ್ಟೋ ಸಲ ಮುಂಬದಿಯನ್ನು ತಿದ್ದುತ್ತದೆ. ಹೊಸ ಮನೆ ಎಂದರೆ ವಾಡೆಯ ಒಂದೂವರೆ ಕೋಣೆ, ಆದರೆ ಊರಲ್ಲಿ ನೋಡುವವರಿಗೆ ಕಾಣುವುದು ಇಡೀ ವಾಡೆಯ ಮುಂಬಾಗಿಲು. ಈ ಫೋಟೊಗಳು ಸುಳ್ಳು ಹೇಳುವುದಿಲ್ಲ, ಎಲ್ಲಿ ನಿಲ್ಲಬೇಕೆಂದು ಅವುಗಳಿಗೆ ಗೊತ್ತು. ಇತಿಹಾಸಕಾರರು ಅದನ್ನೂ ಓದಬೇಕು.

ಪುಣೆಯಲ್ಲಿ ಇಂಥ ಚಿತ್ರಗಳ ಕಥೆಗೆ ಒಂದು ತಾರೀಕಿದೆ: 1961ರ ಜುಲೈ 12. ಆ ಬೆಳಿಗ್ಗೆ ಕಟ್ಟುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು; ಅದರ ನೀರು ನುಗ್ಗಿ ಖಡಕ್‌ವಾಸ್ಲಾ ಕಟ್ಟೆಯೂ ಬಾಯಿ ಬಿಟ್ಟಿತು. ಮುಠಾ ನದಿ ದಂಡೆಯ ಪೇಠೆಗಳಿಗೂ ಡೆಕ್ಕನ್ ಜಿಮಖಾನಾಕ್ಕೂ ನುಗ್ಗಿತು. ಲಕಡಿ ಪೂಲ್ ಮುಳುಗಿತು. ಮಣ್ಣು-ಇಟ್ಟಿಗೆಯ ವಾಡೆಗಳು ಸಾಲಾಗಿ ಕುಸಿದವು. ಪುಣೆಯವರು ಇಂದಿಗೂ ಜುಲೈ ಬಂದಾಗ ಹಂಚಿಕೊಳ್ಳುವ ಪ್ರವಾಹದ ಚಿತ್ರಗಳಲ್ಲಿ ಕೆಸರು, ಬೀದಿಗೆ ಬಂದ ಪಾತ್ರೆಪಗಡ, ಅರ್ಧ ಗೋಡೆಯ ಮೇಲೆ ಉಳಿದ ಕ್ಯಾಲೆಂಡರು ಕಾಣುತ್ತವೆ. ವಾಡೆಯ ಒಳಕೋಣೆಗಳು ಬಿಸಿಲಿಗೆ ಬಂದದ್ದು ಹೀಗೆ, ಗೋಡೆ ಬಿದ್ದ ಮೇಲೆ. ಅದೇ ನೀರು ಎಷ್ಟು ಆಲ್ಬಂಗಳನ್ನು ಒಯ್ದಿತೋ ಲೆಕ್ಕವಿಲ್ಲ. ಫೋಟೊದ ಮೇಲ್ಪದರ ಜೆಲಾಟಿನ್. ನೆನೆದರೆ ಉಬ್ಬುತ್ತದೆ, ಒಂದರ ಮೇಲೊಂದಿದ್ದು ಒಣಗಿದರೆ ಎರಡೂ ಅಂಟಿಕೊಂಡು ಒಂದೇ ಹಲಗೆಯಾಗುತ್ತವೆ. ಊರಿಗೆ ಲಕೋಟೆಯಲ್ಲಿ ಹೋಗಿದ್ದ ಪ್ರತಿಗಳಷ್ಟೇ ಉಳಿದ ಮನೆಗಳಿದ್ದರೆ ಆಶ್ಚರ್ಯವಿಲ್ಲ. ಪ್ರವಾಹಕ್ಕೆ ಮುಂಚಿನ ಪುಣೆಯ ಒಂದು ತುಣುಕು ಗದಗಿನ ಅಟ್ಟದ ಮೇಲಿರಬಹುದು.

ಬೆಂಗಳೂರಿನಲ್ಲಿ ಹವ್ಯಾಸಿಗಳ ಕಥೆ ಬೇರೆ ದಾರಿ ಹಿಡಿಯಿತು. ಡಾ. ಜಿ. ಥಾಮಸ್ ಅವರ ದುಡಿಮೆಯಿಂದ ಭಾರತೀಯ ಛಾಯಾಗ್ರಹಣ ಒಕ್ಕೂಟ ಬೆಳೆಯಿತು, 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಬಂತು, ಪ್ರದರ್ಶನ, ಪದಕ, ಅಂತರರಾಷ್ಟ್ರೀಯ ಮನ್ನಣೆ ಎಲ್ಲ ಬಂದವು. ಅವರ ಕೌಶಲಕ್ಕೆ ಕೈಮುಗಿಯುತ್ತೇನೆ. ಆದರೂ ಮಂಜಿನ ನಡುವಿನ ಎತ್ತಿನಗಾಡಿ, ಸುಕ್ಕುಗಟ್ಟಿದ ಮುದುಕನ ಮುಖ ಇವೆಲ್ಲ ಯಾವ ವರ್ಷದವು ಎಂದು ಹೇಳಲಾಗದು. ವರ್ಷ ಕಾಣದಂತೆ ಮಾಡುವುದೇ ಅಲ್ಲಿ ಕಲೆಯಾಗಿತ್ತು. ನಮ್ಮ ಕ್ಲಿಕ್ ತ್ರೀಯ ಗುಮಾಸ್ತರಿಗೆ ಆ ಕಲೆ ಬರಲಿಲ್ಲ. ಅವರ ಗೋಡೆಯ ಮೇಲೆ ಚುನಾವಣೆಯ ಗುರುತು ಇದೆ, ಅಂಗಡಿಯ ಬೋರ್ಡಿದೆ, ಪ್ಯಾಂಟಿನ ಅಗಲವಿದೆ.

ವಿಚಿತ್ರವೆಂದರೆ ದೇಶದ ಸಿನಿಮಾಗಳನ್ನೆಲ್ಲ ತಂಪು ಕೋಣೆಗಳಲ್ಲಿ ಕಾಯುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇರುವುದು ಇದೇ ಊರಿನ ಲಾ ಕಾಲೇಜ್ ರಸ್ತೆಯಲ್ಲಿ, 1964ರಿಂದ. ಅಲ್ಲಿಂದ ಕೂಗಳತೆಯ ದೂರದ ಫ್ಲ್ಯಾಟ್‌ಗಳಲ್ಲಿ, ವಾಡೆಗಳನ್ನು ಕೆಡವಿ ಕಟ್ಟಿದ ಅಪಾರ್ಟ್‌ಮೆಂಟ್‌ಗಳಲ್ಲಿ, ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದು ನೆಗೆಟಿವ್‌ಗಳ ಪೊಟ್ಟಣ. ಅನುಷಾ ಯಾದವ್ 2010ರಲ್ಲಿ ಆರಂಭಿಸಿದ 'ಇಂಡಿಯನ್ ಮೆಮರಿ ಪ್ರಾಜೆಕ್ಟ್' ಮನೆಯ ಫೋಟೊಗಳನ್ನೂ ಅವುಗಳ ಹಿಂದಿನ ಕಥೆಗಳನ್ನೂ ಒಟ್ಟಿಗೆ ಕೂಡಿಸುತ್ತ ಬಂದಿದೆ. ಕಥೆ ಸೇರಿಸಿದ್ದೇ ಅದರ ಜಾಣತನ. ಹೆಸರಿಲ್ಲದ ಮುಖ ಜಾನ್ಸನ್ನನ 'ಮಾದರಿ'ಗೇ ಮರಳುತ್ತದೆ.

ಹೆಸರು ಬಲ್ಲವರಿಗೆ ಈಗ ಎಂಬತ್ತು ದಾಟಿದೆ. ಹಿಂಬದಿಯಲ್ಲಿ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ ಸಾಕು, ಬಾಲ್‌ಪೆನ್ನು ಒತ್ತಿದರೆ ಮುಂದೆ ಗೀರು ಮೂಡುತ್ತದೆ. 1980ರ ದಶಕದ ಅಂಟು ಹಾಳೆಯ ಆಲ್ಬಂನಲ್ಲಿ ಕೂತಿದ್ದರೆ ಎಳೆದು ಬಿಡಿಸಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ನೆಗೆಟಿವ್ ಡಬ್ಬಿ ತೆರೆದಾಗ ಹುಳಿ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಕೊಳೆಯಲು ಶುರುವಾಗಿದೆ ಎಂದರ್ಥ. ಆ ಪೊಟ್ಟಣವನ್ನು ಉಳಿದವುಗಳಿಂದ ದೂರ ಇಟ್ಟು ಮೊದಲು ಅದನ್ನೇ ಸ್ಕ್ಯಾನ್‌ಗೆ ಕೊಡಿ.