ಸಲಕರಣೆಯ ಪಟ್ಟಿ ಬರೆಯುವವರು ಯಾರು?

ಅಂಗವಿಕಲ ವಿದ್ಯಾರ್ಥಿಗೆ ವಿಶ್ವವಿದ್ಯಾಲಯ ಯಾವ ಸಲಕರಣೆ ಒದಗಿಸಬೇಕು ಎಂಬ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು ಅಮೆರಿಕದ ಎಡ್ ರಾಬರ್ಟ್ಸ್. 14ನೇ ವಯಸ್ಸಿನಲ್ಲಿ ಪೋಲಿಯೊ ತಗುಲಿ ಕೈಕಾಲುಗಳ ಸ್ವಾಧೀನ ಬಹುಪಾಲು ಕಳೆದುಕೊಂಡ ಅವರಿಗೆ ಮಲಗುವಾಗ ಉಸಿರಾಡಲು 'ಐರನ್ ಲಂಗ್' ಎಂಬ ದೊಡ್ಡ ಯಂತ್ರ ಬೇಕಿತ್ತು. ಇವರು ಮುಂದೆ ದುಡಿಯಲಾರರು ಎಂದು ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆ ಮೊದಲು ನೆರವು ನಿರಾಕರಿಸಿತು. ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಮಣಿಯಿತು. 1962ರಲ್ಲಿ ಅವರು ಬರ್ಕ್‌ಲಿ ಸೇರಿದಾಗ ಸುಮಾರು 360 ಕಿಲೋ ತೂಕದ ಆ ಯಂತ್ರಕ್ಕೆ ಹಾಸ್ಟೆಲ್ಲುಗಳಲ್ಲಿ ಜಾಗವಿರಲಿಲ್ಲ. ಕ್ಯಾಂಪಸ್ಸಿನ ಕೋವೆಲ್ ಆಸ್ಪತ್ರೆಯೇ ಅವರ ವಸತಿಯಾಯಿತು.

ಕ್ರಮೇಣ ಅಲ್ಲಿಗೆ ಇನ್ನಷ್ಟು ವಿದ್ಯಾರ್ಥಿಗಳು ಬಂದರು, 'ರೋಲಿಂಗ್ ಕ್ವಾಡ್ಸ್' ಎಂದು ಹೆಸರಿಟ್ಟುಕೊಂಡು ಸಂಘಟಿತರಾದರು. ಗಾಲಿಕುರ್ಚಿ ಕೆಟ್ಟು ನಿಂತರೆ ಅಂದಿನ ಪಾಠವೂ ನಿಂತಂತೆ. ಇದು ಕುರ್ಚಿಯಲ್ಲಿ ಕೂತವರಿಗಷ್ಟೇ ಚೆನ್ನಾಗಿ ಗೊತ್ತು. ಹಾಗಾಗಿ 1970ರಲ್ಲಿ ಸರ್ಕಾರದ ಅನುದಾನ ಪಡೆದು ಅವರು ಕಟ್ಟಿದ ಕಾರ್ಯಕ್ರಮದಲ್ಲಿ ಗಾಲಿಕುರ್ಚಿ ರಿಪೇರಿಯೂ ಇತ್ತು, ಸಹಾಯಕರನ್ನು ಹುಡುಕಿಕೊಡುವ ಏರ್ಪಾಡೂ ಇತ್ತು. 1972ರಲ್ಲಿ ಇದೇ ಮಾದರಿ ಕ್ಯಾಂಪಸ್ ದಾಟಿ, ಊರಿನವರಿಗಾಗಿ ಸ್ವತಂತ್ರ ಜೀವನ ಕೇಂದ್ರವಾಯಿತು.

ಕುರ್ಚಿ ಕೊಟ್ಟು ಕೈತೊಳೆದುಕೊಳ್ಳುವುದು ನೆರವಲ್ಲ. ಅದು ಕೆಟ್ಟ ದಿನ ಏನು ಗತಿ ಎಂದು ಕೇಳುವವರು ತೀರ್ಮಾನದ ಮೇಜಿನ ಬಳಿ ಇರಬೇಕು. ಬರ್ಕ್‌ಲಿಯ ಇತಿಹಾಸದಿಂದ ನಾನು ತಿಳಿದುಕೊಂಡದ್ದು ಇಷ್ಟೇ.